ಅತ್ತಿಯ ಫೋಟೋಕ್ಕೆ ಕಾಕಾ ಕಟ್ಟಿದ ಫ್ರೇಮು

ನಮ್ಮ ಕಾಕಾ ಯಾರನ್ನೂ ನಂಬುವುದಿಲ್ಲ. ಈ ಮಾತನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯ ಮಾಡುವುದಿಲ್ಲ. ನೀವು ನಂಬಿದಿರೆಂದು ಗೊತ್ತಾದರೆ, ಇಷ್ಟು ಬೇಗ ಯಾಕೆ ನಂಬಿದರು ಎಂದು ಅವನಿಗೆ ನಿಮ್ಮ ಮೇಲೆಯೇ ಅನುಮಾನ ಬರುತ್ತದೆ.

ಹಾಲಿನವನು ನೀರು ಬೆರೆಸುತ್ತಾನೆ ಎಂಬುದು ಊರಿಗೆಲ್ಲ ಇರುವ ಅನುಮಾನ. ನೀರು ಬೆರೆಸದ ದಿನ, ಇವತ್ತು ಯಾಕೆ ಬೆರೆಸಿಲ್ಲ ಎಂಬುದು ಕಾಕಾನ ಅನುಮಾನ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಒಂದು ಶಕ್, ಕೇಳುವ ಮೊದಲೇ ಕೊಟ್ಟರೆ ಅದಕ್ಕಿಂತ ದೊಡ್ಡ ಶಕ್. ನನಗೋ ಕಾಲೇಜಿನ ದಿನಗಳಿಂದ ಡೈರಿಯ ಚಟ. ತಾರೀಖು ಹಾಕಿ, ಅಡ್ಡಗೆರೆ ಎಳೆದು, ಕಂಡದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ಚಟ. ಒಂದು ವರ್ಷ ಡೈರಿಯ ಹಿಂದಿನ ಪುಟಗಳನ್ನು ಕಾಕಾನ ಅನುಮಾನಗಳಿಗೆಂದೇ ಬಿಟ್ಟು, ಒಂದೊಂದಕ್ಕೆ ಒಂದೊಂದು ಗೀಟು ಹಾಕುತ್ತ ಹೋದೆ. ಯುಗಾದಿ ಬರುವುದರೊಳಗೆ ಪುಟಗಳೇ ತೀರಿಹೋದವು. ಆ ಕೆಲಸ ಅಲ್ಲಿಗೆ ಬಿಟ್ಟೆ.

ಒಂದು ದಿನ ಕಾಕಾ ಹಿಂದಿನಿಂದ ಬಂದು ಡೈರಿಯಲ್ಲಿ ಇಣುಕಿದ.

"ಏನ್ ಬರಿಯಾಕತ್ತೀದಿ?"

"ಡೈರಿ, ಕಾಕಾ."

"ಅದರಾಗ ನನ್ನ ಹೆಸರದ ಏನು?"

"ಇಲ್ಲ."

"ಯಾಕಿಲ್ಲ? ನನ್ನ ಹೆಸರ ಮುಚ್ಚಿಟ್ಟು ಬರಿಯೋ ಅಂಥಾದ್ದು ಏನದ?"

ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು. ಕೊನೆಗೆ ಯಾವ ಕಾಗದದ ಮೇಲೂ ಅವನ ಹೆಸರು ಬರೆಯುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡ. ಆದ್ದರಿಂದ ಇಲ್ಲಿಯೂ ಅವನು ಬರೀ ಕಾಕಾ.

ನಮ್ಮ ಮನೆ ಬಸವಕಲ್ಯಾಣದಲ್ಲಿ, ಕಿಲ್ಲಾದ ಕಡೆಗೆ ಹೋಗುವ ಓಣಿಯಲ್ಲಿ. ಕಾಕಾನ ನೌಕರಿ ಹುಮನಾಬಾದಿನ ಒಂದು ಖಾಸಗಿ ದವಾಖಾನೆಯಲ್ಲಿ. ಅಲ್ಲಿ ಎಕ್ಸ್‌ರೇ ತೆಗೆಯುವವನು ಅವನೇ. ದಿನಾ ಮುಂಜಾನೆ ಬಸ್ಸು ಹಿಡಿದು ಹೋಗುತ್ತಿದ್ದ, ಸಂಜೆಗೆ ಬರುತ್ತಿದ್ದ. ಅವನ ಸ್ವಭಾವಕ್ಕೆ ಆ ನೌಕರಿಯೇ ಕಾರಣ ಎಂದು ಅವ್ವನ ಅಭಿಪ್ರಾಯ. ಆ ಸ್ವಭಾವ ನೋಡಿಯೇ ನೌಕರಿ ಕೊಟ್ಟಿರಬೇಕು ಎಂದು ಅಪ್ಪನದು. ಕಾಕಾ ಮಾತ್ರ, "ಹೊರಗಿಂದ ನಕ್ಕೊಂತ ಬರ್ತಾರ. ಫಿಲ್ಮ್ ತೊಳದ ನೋಡಿದರ ಎಲುವು ಮುರದಿರತದ. ಮಂದಿ ಮಾರಿ ನೋಡಿ ಏನ್ ನಂಬತೀರಿ?" ಎನ್ನುತ್ತಿದ್ದ. 

ಅಜ್ಜ, ಅಜ್ಜಿ ನಾನು ಸಣ್ಣವಳಿದ್ದಾಗಲೇ ಹೋಗಿದ್ದರು. ಅಪ್ಪ ಹಿರಿಯ, ಕಾಕಾ ನಡುವಿನವನು, ಅವರ ತಂಗಿ ಅತ್ತಿ ಎಲ್ಲರಿಗಿಂತ ಕಡೆಯವಳು. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಚಿಂತೆ: ಅತ್ತಿಯ ಲಗ್ನ. ತಂಗಿಯ ಲಗ್ನ ಆಗುವ ತನಕ ನನ್ನ ಲಗ್ನದ ಸುದ್ದಿ ತೆಗೆಯಬ್ಯಾಡ್ರಿ ಎಂದು ಕಾಕಾ ಹೇಳಿಬಿಟ್ಟಿದ್ದ. ಹೀಗಾಗಿ ಒಂದು ಗಂಟು ಬಿಚ್ಚಿದರೆ ಎರಡು ಬಿಚ್ಚುತ್ತಿದ್ದವು. ಆದರೆ ಆ ಒಂದು ಬಿಚ್ಚುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಒಂದು ಸ್ಟುಡಿಯೋದಿಂದ. ಆಗ ವರನ ಕಡೆಯವರಿಗೆ ಕಳಿಸಲು ಒಂದು ಫೋಟೋ ಬೇಕಾಗುತ್ತಿತ್ತು. ಅತ್ತಿಯನ್ನು ಅವ್ವ ಬಜಾರಿನ ಸ್ಟುಡಿಯೋಕ್ಕೆ ಕರೆದುಕೊಂಡು ಹೋದಳು. ಹಿಂದೆ ಬಣ್ಣದ ಸರೋವರದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಹೂದಾನಿ, ಹೂದಾನಿಯ ಸ್ಟ್ಯಾಂಡಿನ ಮೇಲೆ ಅತ್ತಿಯ ಮೊಣಕೈ. ಫೋಟೋ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ, ಸ್ಟುಡಿಯೋದವನು ಇನ್ನೊಂದು ದೊಡ್ಡ ಪ್ರತಿ ತೆಗೆದು ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಗಿರಾಕಿಗಳಿಗೆ ಕಾಣುವಂತೆ ಇಟ್ಟ. ಸಂಜೆ ಬಸ್ಸಿಳಿದು ಬರುತ್ತಿದ್ದ ಕಾಕಾ ಅದನ್ನು ನೋಡಿದ.

"ನಮ್ಮ ತಂಗಿನ ಬಜಾರಿಗೆ ಯಾಕ ಹಚ್ಚೀದಿ?"

"ಛಲೋ ಬಂದದಂತ ಇಟ್ಟೀನ್ರಿ."

"ಯಾರನ್ನ ಕೇಳಿ ಇಟ್ಟಿ?"

"ಬ್ಯಾರೇವರು ತಾವಾಗೇ ಇಡ್ರಿ ಅಂತ ಗಂಟ ಬೀಳತಾರ್ರಿ."

ಕಾಕಾ ಆ ದೊಡ್ಡ ಪ್ರತಿಯನ್ನೂ ನೆಗೆಟಿವನ್ನೂ ಇಸಿದುಕೊಂಡ. ಪ್ರತಿಗೆ ಚುಚ್ಚಿದ್ದ ಗುಂಡುಪಿನ್ನುಗಳನ್ನೂ ಇಸಿದುಕೊಂಡ. ಪಿನ್ನು ಯಾತಕ್ಕೆ ಎಂದು ಅವ್ವ ಕೇಳಿದರೆ, "ಸಬೂತು, ಸಾಕ್ಷಿಗೆ ಬೇಕು" ಎಂದ. ಅವತ್ತಿನಿಂದ ತನ್ನ ತಂಗಿಯ ಫೋಟೋ ಬೇರೆಯವರ ಕೈಯಲ್ಲಿ ತೊಳೆಯಬಾರದು, ಬೇರೆಯವರ ಕೈಯಲ್ಲಿ ಅಚ್ಚಾಗಬಾರದು ಎಂದು ಠರಾವು ಮಾಡಿದ. ಯಾರೋ ಮಾರಲಿಟ್ಟಿದ್ದ ಹಳೆಯ ಕ್ಯಾಮೆರಾ ಒಂದನ್ನು, ಅದು ಕಳುವಿನ ಮಾಲಲ್ಲ ಎಂದು ಬರೆಸಿಕೊಂಡು, ಕೊಂಡು ತಂದ.

ಮನೆಯಲ್ಲಿ ಜೋಳದ ಚೀಲ ಇಡುವ ಕತ್ತಲೆ ಕೋಣೆಯೊಂದಿತ್ತು. ಚೀಲಗಳು ಪಡಸಾಲೆಗೆ ಬಂದವು, ಕಾಕಾ ಒಳಗೆ ಹೋದ. ಬಲ್ಬಿಗೆ ಕೆಂಪು ಕಾಗದ ಸುತ್ತಿದ. ದವಾಖಾನೆಯಲ್ಲಿ ಎಕ್ಸ್‌ರೇ ತೊಳೆದು ಚೆಲ್ಲಬೇಕಾದ ಔಷಧವನ್ನು, ಚೆಲ್ಲುವ ಮಾಲು ಒಯ್ಯುತ್ತಿದ್ದೇನೆ ಎಂದು ಡಾಕ್ಟರರ ಸಹಿ ಮಾಡಿಸಿಕೊಂಡು, ಡಬ್ಬಿಯಲ್ಲಿ ತಂದ. ನೆಗೆಟಿವಿನಿಂದ ದೊಡ್ಡ ಫೋಟೋ ಮಾಡಲು ಒಂದು ಯಂತ್ರ ಬೇಕಲ್ಲ, ಅದನ್ನು ವನಸ್ಪತಿ ಡಬ್ಬಿಗೆ ಹಳೆಯ ಲೆನ್ಸು ಸಿಗಿಸಿ ತಾನೇ ಮಾಡಿದ. ಔಷಧ ಹಾಕಲು ತಾಟು ಬೇಕಲ್ಲ, ಅದಕ್ಕೆ ಅಡುಗೆಮನೆ ಇತ್ತು.

"ನನ್ನ ಪರಾತ ಎಲ್ಲಿ?" ಅವ್ವ ಕೇಳಿದಳು. ಅವಳು ಹಿಟ್ಟು ನಾದುವ ಅಗಲವಾದ ತಾಟು ಅದು.

"ತೊಳದ ಇಟ್ಟೀನಿ ವೈನಿ."

"ರೊಟ್ಟಿ ದವಾಖಾನಿ ವಾಸನಿ ಹೊಡಿಯಾಕತ್ತಾವ."

"ಅದು ರೊಟ್ಟಿ ವಾಸನಿ ಅಲ್ಲ. ಹಿಟ್ಟಿನಾಂವ ಏನೋ ಕೂಡಿಸ್ಯಾನ. ನನಗ ಮೊದಲಿಂದ ಅವನ ಮ್ಯಾಲ ಶಕ್ ಅದ."

ಅವ್ವ ಪರಾತವನ್ನು ಅವನಿಗೇ ದಾನ ಕೊಟ್ಟು ಹೊಸದು ಕೊಂಡಳು.

ಇಷ್ಟು ದಿನ ಕಾಕಾ ಊರನ್ನು ಅನುಮಾನಿಸುತ್ತಿದ್ದ. ಈಗ ಊರು ಅವನನ್ನು ಅನುಮಾನಿಸತೊಡಗಿತು. ಬಾಗಿಲ ಸಂದಿಯಿಂದ ಕೆಂಪು ಬೆಳಕು, ಒಳಗೆ ನೀರಿನ ಸಪ್ಪಳ, ಹೊರಗೆ ದಾರದ ಮೇಲೆ ಒಣಗಲು ಹಾಕಿದ ಚೌಕ ಚೌಕ ಕಾಗದ. ಇದನ್ನೆಲ್ಲ ಜೋಡಿಸಿ ನೋಡಿದ ಎದುರುಮನೆಯವರಿಗೆ, ನಮ್ಮ ಮನೆಯಲ್ಲಿ ಖೋಟಾ ನೋಟು ಅಚ್ಚಾಗುತ್ತಿದೆ ಎಂಬ ತೀರ್ಮಾನಕ್ಕೆ ಬರಲು ಬಹಳ ಹೊತ್ತು ಹಿಡಿಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹವಾಲ್ದಾರರೊಬ್ಬರು ಬಂದರು. ಅಪ್ಪ ಕೋಣೆಯ ಬಾಗಿಲು ಬಡಿದ.

"ಜರಾ ನಿಲ್ರಿ," ಒಳಗಿನಿಂದ ಕಾಕಾ ಕೂಗಿದ. "ಈಗ ಬಾಗಲಾ ತಗದರ ಮಾಲೆಲ್ಲಾ ಹಾಳಾಗತದ."

ಇದಕ್ಕಿಂತ ಒಳ್ಳೆಯ ಉತ್ತರ ಯಾವ ಕಳ್ಳನೂ ಕೊಟ್ಟಿರಲಾರ. ಹವಾಲ್ದಾರರು ಲಾಠಿ ಬಿಗಿಹಿಡಿದು ನಿಂತರು. ಕೊನೆಗೆ ಕಾಕಾ ಅವರೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡ. ಒಳಗೆ ಕೆಂಪು ಕತ್ತಲೆಯಲ್ಲಿ, ಪರಾತದ ನೀರಿನಲ್ಲಿ, ಬಿಳಿ ಕಾಗದದ ಮೇಲೆ ಒಂದು ಹೆಣ್ಣಿನ ಮುಖ ನಿಧಾನವಾಗಿ ಮೇಲೆ ಬರುವುದನ್ನು ನೋಡಿ ಅವರು ಹಿಂದಕ್ಕೆ ಹಾರಿದ ಸಪ್ಪಳ ನಮಗೆ ಹೊರಗೆ ಕೇಳಿಸಿತು. ಆಮೇಲೆ ಮಾತು ಕೇಳಿಸಿತು.

"ನಂದೂ ಒಂದು ತಗೀರಲ್ಲ. ಪಾಸ್‌ಪೋರ್ಟ್ ಸೈಜಿಂದು."

"ಎದಕ ಬೇಕು ನಿಮಗ?"

"ಆಫೀಸಿಗೆ ಬೇಕಾಗ್ಯಾದ್ರಿ."

"ಯಾವ ಆಫೀಸು? ಯಾರು ಕೇಳ್ಯಾರ? ಎಷ್ಟು ಪ್ರತಿ? ಉಳದ ಪ್ರತಿ ಏನ್ ಮಾಡತೀರಿ?"

ವಿಚಾರಣೆಗೆ ಬಂದವರು ವಿಚಾರಣೆ ಮುಗಿಸಿಕೊಂಡು ಹೊರಗೆ ಬಂದಾಗ ಬೆವೆತಿದ್ದರು. ಮತ್ತೆ ನಮ್ಮ ಓಣಿಯ ಕಡೆ ಅವರನ್ನು ನಾನು ನೋಡಲಿಲ್ಲ.

ಫೋಟೋ ಹೇಗೆ ಬರುತ್ತಿದ್ದವು ಎಂದು ಕೇಳುತ್ತೀರಾ? ಎಕ್ಸ್‌ರೇ ಔಷಧಕ್ಕೆ ಎಲುಬು ತೋರಿಸಿ ಅಭ್ಯಾಸ. ನಯ ನಾಜೂಕು ಅದಕ್ಕೆ ಗೊತ್ತಿಲ್ಲ. ಕಪ್ಪು ಎಂದರೆ ಕಾಡಿಗೆ, ಬಿಳಿ ಎಂದರೆ ಸುಣ್ಣ. ಕಾಕಾ ತೆಗೆದ ಫೋಟೋದಲ್ಲಿ ಎಲ್ಲರೂ ಯಾವುದೋ ಸಾಕ್ಷಿ ಹೇಳಲು ಕೋರ್ಟಿಗೆ ಬಂದವರಂತೆ ಕಾಣುತ್ತಿದ್ದರು. ಅತ್ತಿ ಮನೆಯಲ್ಲಿ ದಿನವಿಡೀ ನಗುವವಳು. ಕ್ಯಾಮೆರಾದ ಮುಂದೆ ಮಾತ್ರ ಕಾಕಾ, "ನಗಬ್ಯಾಡ. ಹಲ್ಲು ತೋರಿಸಿದರ, ಹಲ್ಲು ಛಲೋ ಅವಂತ ತೋರಸಾಕತ್ತಾಳ ಅಂತಾರ," ಎನ್ನುತ್ತಿದ್ದ. ಬಾಯಿ ಮುಚ್ಚಿದರೆ, "ಜರಾ ತಗಿ. ಹಲ್ಲು ಇಲ್ಲ ಅಂತ ತಿಳಕೋತಾರ," ಎನ್ನುತ್ತಿದ್ದ.

ಅಚ್ಚಾದ ಮೇಲೆ ರಟ್ಟಿಗೆ ಅಂಟಿಸುವ ಕೆಲಸ. ರಟ್ಟು ಸೀರೆ ಅಂಗಡಿಯ ಖಾಲಿ ಡಬ್ಬಿಗಳಿಂದ ಬರುತ್ತಿತ್ತು. ಅಂಟು ಮೈದಾ ಹಿಟ್ಟಿನದು, ಹುಳ ತಿನ್ನಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ಫೋಟೋ ಸೊಟ್ಟಗಾಗದಂತೆ ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಬೀಸುವ ಕಲ್ಲು. ಮೈಲುತುತ್ತ ಒಮ್ಮೆ ಹೆಚ್ಚಾಗಿ ಫೋಟೋದಲ್ಲಿ ಅಪ್ಪನ ಗಲ್ಲಕ್ಕೆ ಹಸಿರು ಬಂತು. ಕಾಕಾ ಅದನ್ನೂ ಒಪ್ಪಲಿಲ್ಲ. "ಅಣ್ಣಗ ಪಿತ್ತ ಅದ. ಫೋಟೋದಾಗ ಮೊದಲ ಕಾಣತದ," ಎಂದ.

ಫ್ರೇಮಿನ ಕಟ್ಟಿಗೆ ಹಣ್ಣಿನ ಅಂಗಡಿಯವರು ಎಸೆದ ಸೇಬಿನ ಪೆಟ್ಟಿಗೆಗಳದು. ಕೊಯ್ದು, ಉಜ್ಜಿ, ದವಾಖಾನೆಯ ಗೇಟಿಗೆ ಹಚ್ಚಿ ಉಳಿದ ಕಪ್ಪು ಪೇಂಟು ಬಳಿಯುತ್ತಿದ್ದ. ಎಲ್ಲ ಫ್ರೇಮೂ ಅದಕ್ಕೇ ಕಪ್ಪು. ನಾಲ್ಕು ಮೂಲೆಯಲ್ಲಿ ಒಂದಾದರೂ ಬಾಯಿ ಬಿಟ್ಟಿರುತ್ತಿತ್ತು. ಗಾಜಿನ ಖರ್ಚು ಬೇರೆ. ಅದಕ್ಕೂ ಅವನು ದಾರಿ ಹುಡುಕಿದ್ದ. ಕೆಟ್ಟುಹೋದ ಎಕ್ಸ್‌ರೇ ಫಿಲ್ಮುಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದರೆ ಮೇಲಿನ ಕಪ್ಪೆಲ್ಲ ಹೋಗಿ ತಿಳಿನೀಲಿ ಹಾಳೆ ಉಳಿಯುತ್ತದೆ. ಅದೇ ಗಾಜು. ಹೀಗೆ ತಯಾರಾದ ಮೊದಲ ಫ್ರೇಮಿನಲ್ಲಿ ಅಪ್ಪನ ಫೋಟೋ ಹಾಕಿ ಪಡಸಾಲೆಯಲ್ಲಿ ತೂಗುಹಾಕಿದ. ಮುಂಜಾನೆ ಬಹಳ ಚೆಂದ ಕಾಣಿಸಿತು. ಸಂಜೆಯ ಓರೆ ಬಿಸಿಲು ಬಿದ್ದಾಗ ಅಪ್ಪನ ಅಂಗಿಯ ಮೇಲೆ ಯಾರದೋ ಪಕ್ಕೆಲುಬು ಮೂಡಿತು. ತಿಕ್ಕಿದ್ದು ಸಾಲದಾಗಿತ್ತು.

ಬಂದವರೊಬ್ಬರು ಫೋಟೋ ನೋಡಿ, ಅಪ್ಪನ ಮುಖ ನೋಡಿ, "ಮತ್ತ ಡಾಕ್ಟರ್ ಏನಂತಾರ್ರಿ?" ಎಂದು ಕೇಳಿದರು.

ಅವ್ವ ಅವತ್ತೇ ಸ್ಟೂಲು ಹತ್ತಿ ಫ್ರೇಮನ್ನು ಕೆಳಗಿಳಿಸಿದಳು. ಪಕ್ಕೆಲುಬಿನ ಕಾರಣಕ್ಕಲ್ಲ. ನಮ್ಮ ಕಡೆ ಆಗ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕುತ್ತಿದ್ದದ್ದು ದೇವರನ್ನು, ಇಲ್ಲವೆ ತೀರಿಹೋದವರನ್ನು. ಅಜ್ಜ ಅಜ್ಜಿ ಅಲ್ಲಿದ್ದರು. ಅವರ ಸಾಲಿನಲ್ಲಿ ಬದುಕಿದ ಮನುಷ್ಯನನ್ನು ನೇತುಹಾಕಿದ್ದು ಅವ್ವನಿಗೆ ಸರಿಬರಲಿಲ್ಲ.

"ನಿಮ್ಮಣ್ಣಗ ಗ್ವಾಡಿ ಹತ್ತಾಕ ಇನ್ನಾ ವ್ಯಾಳ್ಯಾ ಅದ," ಎಂದು ಫ್ರೇಮನ್ನು ಕಾಕಾನ ಕೈಗೆ ಕೊಟ್ಟಳು. ಹಿಡಿದುಕೊಂಡವನಿಗೆ ಆಗ ಕಂಡಿತು, ಅಪ್ಪನ ಕಾಲ ಕೆಳಗಿನ ಪಟ್ಟಿಯಲ್ಲಿ ಪೇಂಟಿನೊಳಗಿಂದ ಇಣುಕುತ್ತಿದ್ದ ಸೇಬಿನ ಪೆಟ್ಟಿಗೆಯ ಮುದ್ರೆ: ಈ ಬದಿ ಮೇಲಿರಲಿ.

ಇಷ್ಟರಲ್ಲಿ ಅತ್ತಿಯ ಸಂಬಂಧಗಳು ಬರುತ್ತಿದ್ದವು, ಹೋಗುತ್ತಿದ್ದವು. ಫೋಟೋ ಕೊಡುವಾಗ ಕಾಕಾನ ಕರಾರು ಒಂದೇ: ಹುಡುಗಿ ಒಪ್ಪಿಗೆಯಾದರೆ ಬಂದು ನೋಡಿರಿ, ಆಗದಿದ್ದರೆ ಫೋಟೋ ವಾಪಸ್ಸು ಕೊಡಿರಿ. ಮುಡಬಿಯ ಒಂದು ಮನೆಯವರು ಉತ್ತರವನ್ನೂ ಕೊಡಲಿಲ್ಲ, ಫೋಟೋವನ್ನೂ ಕೊಡಲಿಲ್ಲ. ಕಾಕಾ ಶೇರ್ ಆಟೋದಲ್ಲಿ ಅಲ್ಲಿಗೇ ಹೋದ. ಇಲಿ ತಿಂದಿತು ಎಂದರಂತೆ.

"ಮೈಲುತುತ್ತದ ಅಂಟು ತಿಂದ ಇಲಿ ಸತ್ತ ಬಿದ್ದಿರಬೇಕಲ್ಲ. ಇಲಿ ತೋರಸ್ರಿ ಅಂದೆ. ತೋರಸಲಿಲ್ಲ," ಎಂದು ಬಂದು ಹೇಳಿದ. ತಂಗಿಯ ಫೋಟೋ ಯಾರದೋ ಕಿಸೆಯಲ್ಲಿ ಊರೂರು ತಿರುಗುತ್ತಿದೆ ಎಂದು ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅತ್ತಿಯೇ ಅವನನ್ನು ಸಮಾಧಾನ ಮಾಡಿದಳು. "ತಿರಗಲಿ ಬಿಡಣ್ಣ, ನಾನಂತೂ ಎಲ್ಲೂ ಹೋಗಿಲ್ಲ. ಫೋಟೋರೆ ಊರು ನೋಡಲಿ."

ಆಗ ಹುಮನಾಬಾದಿನಿಂದ ಒಂದು ಸಂಬಂಧ ಬಂತು. ಹುಡುಗನದು ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟುಹೋದ ನೀರಿನ ಪಂಪುಗಳಿಗೆ ತಂತಿ ಸುತ್ತಿ ಮತ್ತೆ ಜೀವ ತುಂಬುವ ಕೆಲಸ. ಮನೆತನ ಒಳ್ಳೆಯದು, ಬೇಡಿಕೆ ಏನೂ ಇಲ್ಲ. ಬೇಡಿಕೆ ಇಲ್ಲ ಎಂದ ಕೂಡಲೇ ಕಾಕಾ ಎಚ್ಚರಾದ. ಅಪ್ಪ ಮಾತ್ರ ಈ ಸಂಬಂಧ ಕೈಬಿಡುವುದಿಲ್ಲ ಎಂದು ಕೂತ. ಅತ್ತಿಯ ವಯಸ್ಸು ಕೇಳುವುದನ್ನು ಓಣಿಯ ಹೆಂಗಸರು ಆಗಲೇ ಬಿಟ್ಟಿದ್ದರು. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ.

ಈ ಸಲ ಫೋಟೋ ಕಳೆಯಬಾರದು, ಕಿಸೆಗೆ ಹೋಗಬಾರದು, ಬೇರೆ ಸ್ಟುಡಿಯೋದಲ್ಲಿ ನಕಲು ಆಗಬಾರದು. ಕಾಕಾ ಬಹಳ ವಿಚಾರ ಮಾಡಿ ಉಪಾಯ ಕಂಡುಹಿಡಿದ: ಫ್ರೇಮು ಹಾಕಿ ಕಳಿಸುವುದು. ಫ್ರೇಮು ಕಿಸೆಯಲ್ಲಿ ಹಿಡಿಯುವುದಿಲ್ಲ. ಗಾಜಿನ ಮೇಲೆ ಬೆಳಕು ಹೊಳೆಯುವುದರಿಂದ ನಕಲು ಬರುವುದಿಲ್ಲ. ಇಲಿಗಂತೂ ಸಾಧ್ಯವೇ ಇಲ್ಲ. ಈ ಸಲ ಎಕ್ಸ್‌ರೇ ಹಾಳೆಯನ್ನೂ ನೆಚ್ಚದೆ ನಿಜವಾದ ಗಾಜು ಹಾಕಿಸಿದ.

"ಅಣ್ಣಾ," ಅತ್ತಿ ಹೇಳಿದಳು, "ಹಂಗಾದರ ಒಂದು ಮೊಳೀನೂ ಸುತ್ತಿಗೀನೂ ಕೂಡಿಸಿ ಕಳಸು."

"ನಗಬ್ಯಾಡ. ವಿಚಾರ ಮಾಡಿ ಮಾಡಾಕತ್ತೀನಿ."

ಹಳೆಯ ಫೋಟೋ ಕಳಿಸಿದ್ದಾರೆ, ಹುಡುಗಿಗೆ ಈಗ ವಯಸ್ಸಾಗಿದೆ ಎಂದು ಅವರು ಶಕ್ ಮಾಡಬಾರದಲ್ಲ? ಅದಕ್ಕೆ ಫೋಟೋದ ಕೆಳಗೆ ಬಿಳಿ ರಟ್ಟಿನ ಮೇಲೆ ಅತ್ತಿಯ ಹೆಸರು, ಅದರ ಕೆಳಗೆ ಫೋಟೋ ತೆಗೆದ ತಾರೀಖು. ನನ್ನ ಅಕ್ಷರ ದುಂಡಗೆ ಇರುತ್ತವೆ ಎಂದು ನನ್ನಿಂದಲೇ ಬರೆಸಿದ. ಬರೆಯುವ ದಿನಕ್ಕೆ ಅದು ಹದಿನೈದು ದಿನದ ಹಿಂದಿನ ತಾರೀಖು.

ಅವ್ವನಿಗೆ ಮನಸ್ಸು ತಡೆಯಲಿಲ್ಲ. ಕಪ್ಪು ಚೌಕಟ್ಟಿನಲ್ಲಿ ಬದುಕಿದ ಹುಡುಗಿಯನ್ನು ಕಳಿಸುವುದು ಒಳ್ಳೆಯದಲ್ಲ ಎಂದಳು. ಕಾಕಾ ಕೇಳಲಿಲ್ಲ. ಹಾಗಾದರೆ ದೋಷ ತಟ್ಟದಂತೆ ನಾನೇ ಏನಾದರೂ ಮಾಡುತ್ತೇನೆ ಎಂದು, ಗಾಜಿನ ಮೇಲೆ ಅತ್ತಿಯ ಹಣೆಗೆ ಸರಿಯಾಗಿ ಅರಿಷಿಣ ಕುಂಕುಮ ಹಚ್ಚಿದಳು.

ಈಗ ಈ ಸಾಮಾನನ್ನು ನೀವೇ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಪ್ಪು ಫ್ರೇಮು. ನಗದ ಮುಖ. ಹಣೆಗೆ ಪೂಜೆಯ ಕುಂಕುಮ. ಕೆಳಗೆ ಹೆಸರು, ಹದಿನೈದು ದಿನದ ಹಿಂದಿನ ಒಂದು ತಾರೀಖು.

ಸಂಬಂಧ ತಂದಿದ್ದ ಹಿರಿಯರ ಕೈಯಲ್ಲಿ ಅದನ್ನು ಕಳಿಸಿದರು. ಅವರು ಹೋದಾಗ ಹುಡುಗನ ಮನೆಯಲ್ಲಿ ಕಿವಿ ಕೇಳದ ಮುದುಕಿಯೊಬ್ಬಳೇ ಇದ್ದಳಂತೆ. ಕಲ್ಯಾಣದವರು ಕೊಟ್ಟಿದ್ದಾರೆ ಎಂದು ಕೂಗಿ ಹೇಳಿ, ಕಾಗದ ಸುತ್ತಿದ ಗಂಟನ್ನು ಮಂಚದ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದರು.

ಮೂರು ದಿನ ಏನೂ ಸುದ್ದಿ ಇಲ್ಲ. ನಾಲ್ಕನೆಯ ದಿನ, ಕಾಕಾನಿಗೆ ರಜೆ ಇದ್ದ ಭಾನುವಾರ, ಹುಮನಾಬಾದಿನವರು ತಾವಾಗಿಯೇ ಬಂದರು. ಹುಡುಗನ ತಂದೆ, ಒಬ್ಬ ಸೋದರಮಾವ, ಹಿಂದೆ ಒಂದು ಕೈಚೀಲ ಹಿಡಿದುಕೊಂಡ ಹುಡುಗ. ಬಾಗಿಲಲ್ಲಿ ನಮಸ್ಕಾರ ಇಲ್ಲ. ಮುಖದಲ್ಲಿ ನಗೆ ಇಲ್ಲ. ಕುರ್ಚಿ ಬಿಟ್ಟು ಕಂಬಳಿಯ ಮೇಲೆ ಕೂತರು. ಅತ್ತಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವ್ವ ಗಾಬರಿಯಾಗಿ ಒಲೆ ಹೊತ್ತಿಸಲು ಓಡಿದಳು.

"ಹೇಳದ ಕೇಳದ ಬಂದಾರ," ಕಾಕಾ ನನ್ನ ಕಿವಿಯಲ್ಲಿ ಹೇಳಿದ. "ಹುಡಗಿ ಸೀರಿ ಉಡೋದರಾಗ ನೋಡಬೇಕಂತ. ತಪಾಸಣಿ."

ಅಪ್ಪ ನೀರು ತರಿಸಿದ. ಯಾರೂ ಮುಟ್ಟಲಿಲ್ಲ.

"ನೀರೂ ಒಲ್ಲರು. ಬ್ಯಾಡ ಅನ್ನಾಕ ಬಂದಾರ," ಕಾಕಾ ಮತ್ತೆ ಪಿಸುಗುಟ್ಟಿದ.

ಹುಡುಗನ ತಂದೆ ಮಾತು ತೆಗೆದರು. "ಎಷ್ಟ ದಿನದಿಂದ ಆರಾಮ ಇರಲಿಲ್ರಿ?"

"ಯಾರಿಗ್ರಿ?" ಅಪ್ಪ ಕೇಳಿದ.

"ಹುಡಗಿಗೆ."

ಕಾಕಾ ಎದ್ದು ನಿಂತ. "ನಮ್ಮ ಹುಡಗಿಗೆ ಯಾವ ರೋಗನೂ ಇಲ್ರಿ. ಬೇಕಾದರ ಎಕ್ಸ್‌ರೇ ತೋರಸ್ತೀನಿ."

ಅವರು ಅವನನ್ನು ಕನಿಕರದಿಂದ ನೋಡಿದರು. "ಕೂಡು ತಮ್ಮಾ. ಒಡಹುಟ್ಟಿದಾಕಿ. ಮನಸ ಲಗೂನ ಒಪ್ಪಾಂಗಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ, "ನಾವು ಇಬ್ಬರೇ ಬರಾವರಿದ್ದಿವಿ. ಇವ ನಾನೂ ಬರ್ತೀನಿ ಅಂದ. ನೀ ಆಕಿನ್ನ ನೋಡೇ ಇಲ್ಲ, ನಿನಗೇನು ಅಂದೆ. ಫೋಟೋದಾಗ ನೋಡೀನಲ್ಲ ಅಂದ," ಎಂದರು.

ಹುಡುಗ ತಲೆ ತಗ್ಗಿಸಿಕೊಂಡೇ ಕೈಚೀಲದಿಂದ ಫ್ರೇಮು ಹೊರಗೆ ತೆಗೆದ. ಅದಕ್ಕೆ ಮಲ್ಲಿಗೆಯ ಹಾರ ಹಾಕಿತ್ತು. ಆಗ ನಮಗೆಲ್ಲ ಒಟ್ಟಿಗೇ ಅರ್ಥವಾಯಿತು. ಅಪ್ಪನ ಬಾಯಿ ತೆರೆದೇ ಉಳಿಯಿತು. ಕಾಕಾ ಜೀವನದಲ್ಲಿ ಮೊದಲ ಸಲ ಯಾರ ಕಡೆಗೂ ನೋಡದೆ ನೆಲ ನೋಡಿದ.

ಅದೇ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಅತ್ತಿ ಬಂದಳು. ಮಾಸಿದ ಸೀರೆ, ಸೊಂಟದ ಮೇಲೆ ಒಗೆದ ಬಟ್ಟೆಯ ಬುಟ್ಟಿ, ಮೊಣಕೈ ತನಕ ಸಾಬೂನಿನ ನೊರೆ. ಹುಡುಗ ಫ್ರೇಮು ಹಿಡಿದುಕೊಂಡೇ ಎದ್ದು ನಿಂತ. ಅವನ ತಂದೆ ಫೋಟೋ ನೋಡಿದರು, ಅತ್ತಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಅವಳಿ ಜವಳಿ ಇದ್ದರೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಅತ್ತಿ ತನ್ನ ಹೆಸರಿನ ಮೇಲೆ ತೂಗುತ್ತಿದ್ದ ಹಾರ ನೋಡಿದಳು. ನಮ್ಮ ಮುಖಗಳನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು ನಗತೊಡಗಿದಳು. ಕಾಕಾ ಕ್ಯಾಮೆರಾದ ಮುಂದೆ ಎಂದೂ ನಗಗೊಡದ ನಗು, ಹಲ್ಲುಗಳೆಲ್ಲ ಕಾಣುವಂಥದು. ಹುಡುಗ ಕೆಂಪಾಗಿ ಹಾರವನ್ನು ಫ್ರೇಮಿನಿಂದ ಬಿಡಿಸಿದ. ಬಿಡಿಸಿದ ಮೇಲೆ ಅದನ್ನು ಎಲ್ಲಿ ಇಡಬೇಕೋ ಅವನಿಗೆ ತಿಳಿಯಲಿಲ್ಲ.

"ಇಲ್ಲಿ ಕೊಡ್ರಿ," ಅತ್ತಿ ಕೈ ಚಾಚಿದಳು. "ಹೂವ ತಾಜಾ ಅದಾವ. ಸುಮ್ಮ ಯಾಕ ಕೆಡಸೋದು?" ಒಂದು ಮೊಳ ಹರಿದು ಹೆರಳಿಗೆ ಮುಡಿದುಕೊಂಡಳು.

"ಏ ಹುಚ್ಚಿ, ಎಂಥಾ ಹೂವ ಮುಡಕೊಂಡಿ," ಎಂದು ಅವ್ವ ಅಡುಗೆಮನೆಯ ಬಾಗಿಲಲ್ಲಿ ಹಣೆ ಬಡಿದುಕೊಂಡಳು. ಹುಡುಗನ ತಂದೆ ನೀರಿನ ಚೊಂಬು ಎತ್ತಿಕೊಂಡರು. ಒಂದೇ ಉಸಿರಿಗೆ ಅಷ್ಟೂ ಕುಡಿದರು.

ಅವರು ಹೋದ ಮೇಲೆ ಅಪ್ಪ ತಂಗಿಯನ್ನು ಕೇಳಿದ. ಅತ್ತಿ ಬಟ್ಟೆ ಹಿಂಡುತ್ತಲೇ ಹೇಳಿದಳು: "ಹುಡಗಿ ನೋಡಾಕ ಬಂದವರು ಭಾಳ ಮಂದಿ ಆದರು. ನಾ ಸತ್ತೀನಂತ ತಿಳದು ನನ್ನ ಮಾತಾಡಸಾಕ ಬಂದವ ಇವ ಒಬ್ಬನೇ. ಇವಗೇ ಮಾಡ್ರಿ."

ಕಾಕಾನಿಗೆ ಇದು ಸಾಲಲಿಲ್ಲ. ನೋಡದ ಹುಡುಗಿಗೆ ಹಾರ ತರುವ ಮನುಷ್ಯ ಎಂಥವನಿರಬೇಕು? ಏನೋ ಇದೆ. ಮುಂದಿನ ವಾರ ಹುಮನಾಬಾದಿನಲ್ಲಿ ಹುಡುಗನನ್ನು ಚಹಾಕ್ಕೆ ಎಂದು ಕರೆದು, ದವಾಖಾನೆಗೆ ಒಯ್ದು, ಎದೆಯ ಎಕ್ಸ್‌ರೇ ತೆಗೆದೇಬಿಟ್ಟ. ಅದರ ವರ್ಣನೆಯನ್ನು ಆ ಹುಡುಗನೇ, ಈಗ ನಮ್ಮ ಮಾವ, ವರ್ಷಗಟ್ಟಲೆ ಹೇಳಿ ನಗಿಸಿದ್ದಾನೆ. "ಉಸರ ಹಿಡೀರಿ" ಎಂದನಂತೆ ಕಾಕಾ. ಹಿಡಿದ ಮೇಲೆ, "ಕುಡೀತೀರೇನು? ಇಸ್ಪೀಟು ಆಡತೀರೇನು?" ಎಂದು ಕೇಳಿದನಂತೆ. ಉಸಿರು ಬಿಟ್ಟರೆ ಫಿಲ್ಮು ಹಾಳು, ಬಿಡದಿದ್ದರೆ ಉತ್ತರವಿಲ್ಲ. "ನಾ ಕೇಳಿದಾಗ ಸುಮ್ಮ ನಿಂತಿದ್ದ," ಎಂದು ಕಾಕಾ ಮನೆಗೆ ಬಂದು ವರದಿ ಒಪ್ಪಿಸಿದ. ಎಕ್ಸ್‌ರೇ ಹೇಗಿದೆ ಎಂದು ಅಪ್ಪ ಕೇಳಿದ.

"ಪೂರಾ ಸಾಫ್ ಅದ."

"ಮತ್ತೇನು?"

"ಇಷ್ಟ ಸಾಫ್ ಯಾಕದ?"

ಲಗ್ನ ಮಾತ್ರ ನಿಲ್ಲಲಿಲ್ಲ. ವೈಶಾಖದಲ್ಲಿ ಮುಹೂರ್ತ ಇಟ್ಟರು. ಕಾಕಾ ಹಂದರದ ಗಳ ಎಣಿಸಿದ, ಅಡಿಗೆಯವರ ಎಣ್ಣೆಯ ಮೇಲೆ ಕಣ್ಣಿಟ್ಟ, ಬ್ಯಾಂಡಿನವರು ಎಷ್ಟು ಹಾಡು ನುಂಗಿದರೆಂದು ಜಗಳಾಡಿದ. ಎಲ್ಲ ಮಾಮೂಲಿನಂತೆಯೇ ಇತ್ತು.

ಅರಿಷಿಣ ಹಚ್ಚುವ ದಿನ ಮಧ್ಯಾಹ್ನ, ಉಂಡವರೆಲ್ಲ ಅಡ್ಡಾಗಿದ್ದಾಗ, ನಾನು ವೀಳ್ಯದೆಲೆ ಒರೆಸುತ್ತ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಸ್ವಲ್ಪ ದೂರದಲ್ಲಿ ಬಾನಿಯ ಹತ್ತಿರ ಅತ್ತಿ ಕಾಕಾನ ಕೈ ಹಿಡಿದುಕೊಂಡು ಕೂತಿದ್ದಳು. ನಾಳೆ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಅವನು. ಔಷಧದಲ್ಲಿ ಅದ್ದಿ ಅದ್ದಿ ಅವನ ಉಗುರುಗಳು ಕಂದಾಗಿದ್ದವು. ಅತ್ತಿ ನಿಂಬೆಹೋಳಿನಿಂದ ಒಂದೊಂದೇ ಬೆರಳು ತಿಕ್ಕುತ್ತಿದ್ದಳು.

"ಒಂದು ಕೇಳಲೇನು?" ಕಾಕಾ ಅಂದ. ಅವನು ಅಪ್ಪಣೆ ಕೇಳಿ ಪ್ರಶ್ನೆ ಕೇಳಿದ್ದನ್ನು ನಾನು ಅವತ್ತೇ ಕೇಳಿದ್ದು.

"ಕೇಳು."

"ಇಷ್ಟ ವರ್ಷ ಎಲ್ಲಾರ ಮ್ಯಾಲ ಶಕ್ ಮಾಡಿದೆ. ಮುಡಬಿಯವರ ಮ್ಯಾಲ, ಆ ಕಡಿಯವರ ಮ್ಯಾಲ, ಈ ಕಡಿಯವರ ಮ್ಯಾಲ." ಅವನು ತನ್ನ ಉಗುರು ನೋಡಿಕೊಂಡ. "ಅವರು ಬ್ಯಾಡ ಅಂದದ್ದು ನಿನಗ ಅಲ್ಲೇನೋ. ನಾ ತಗದ ಫೋಟೋಕ್ಕೇನೋ. ನನ್ನಿಂದ ನೀ ಇಷ್ಟ ದಿನ ಮನ್ಯಾಗ ಕೂತೇನೋ ಅಂತ."

ಅತ್ತಿ ತಿಕ್ಕುವುದನ್ನು ನಿಲ್ಲಿಸಿದಳು. ನಾನು ಎಲೆ ಒರೆಸುವುದನ್ನು ನಿಲ್ಲಿಸಿದೆ.

"ಅಣ್ಣಾ," ಅಂದಳು ಅತ್ತಿ. "ಸ್ಟುಡಿಯೋದಾಗಿನ ಫೋಟೋ ಬರೋಬರ್ ಇತ್ತು. ಖರೇ ಹೇಳತೀನಿ, ನಿನ್ನವು ಒಂದೂ ಬರೋಬರ್ ಬಂದಿಲ್ಲ."

ಕಾಕಾ ತಲೆಯಾಡಿಸಿದ.

"ಆದರ ಆ ಕ್ವಾಣ್ಯಾಗ ನಿಂತು ನೀ ನನ್ನ ಮಾರಿ ಎಷ್ಟ ಸಲ ತೊಳದೀದಿ ಅಂತ ನನಗ ಗೊತ್ತದ. ನಮ್ಮವ್ವ ಇದ್ದಿದ್ದರೂ ಅಷ್ಟ ಸಲ ತೊಳೀತಿದ್ದಿಲ್ಲ."

ಅತ್ತಿ ಹೊಸ ನಿಂಬೆಹೋಳು ತೆಗೆದುಕೊಂಡು ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದಳು. ಆ ಬಣ್ಣ ಹೋಗುವಂಥದ್ದಲ್ಲ ಎಂದು ನಾನು ಕೂತಲ್ಲಿಗೇ ಕಾಣುತ್ತಿತ್ತು. ಅವಳು ತಿಕ್ಕುತ್ತಲೇ ಇದ್ದಳು, ಅವನು ಕೈ ಕೊಟ್ಟುಕೊಂಡೇ ಕೂತಿದ್ದ.